ಎಳೆಯ ಫುಟ್‌ಬಾಲ್ ಆಟಗಾರರ ಒತ್ತಡಕ್ಕೆ ಯಾವ ಅಭ್ಯಾಸ ತಕ್ಕದ್ದು: ಸ್ಟ್ರೆಚಿಂಗ್, ಸ್ನಾಯು ಸಡಿಲಿಕೆ ಮತ್ತು ಉಸಿರಾಟಗಳ ಹೋಲಿಕೆ

ಪಂದ್ಯದ ಹಿಂದಿನ ರಾತ್ರಿ ಮಗ್ಗುಲು ಬದಲಿಸುತ್ತಲೇ ಬೆಳಗು ಮಾಡುವ ಹದಿಮೂರರ ಹುಡುಗ ಒಬ್ಬ. ಮೈದಾನಕ್ಕಿಳಿಯುವ ಮುನ್ನ ಹೊಟ್ಟೆ ತೊಳಸುತ್ತದೆ, ಕಾಲು ಮರಗಟ್ಟಿದಂತಾಗುತ್ತದೆ ಎನ್ನುವ ಹದಿನೈದರ ಹುಡುಗಿ ಇನ್ನೊಬ್ಬಳು. ಮೊದಲ ಪಾಸ್ ತಪ್ಪಿದೊಡನೆ ಹೆಗಲು ಬಿಗಿದುಕೊಂಡು, ಚೆಂಡು ತನ್ನತ್ತ ಬಾರದಿರಲಿ ಎಂದು ಉಳಿದ ಆಟವಿಡೀ ಜಾಗ ತಪ್ಪಿಸಿ ಓಡುವ ಹದಿನಾರರ ಮಿಡ್‌ಫೀಲ್ಡರ್ ಮತ್ತೊಬ್ಬ. ಈ ಮೂವರ ಸ್ಥಿತಿಗೂ ನಾವು ಕೊಡುವ ಹೆಸರು ‘ಟೆನ್ಷನ್’, ಹೇಳುವ ಉಪಾಯ ‘ರಿಲ್ಯಾಕ್ಸ್ ಆಗು’. ಮೈಯನ್ನು ಸಡಿಲಗೊಳಿಸುವುದು ಹೇಗೆಂದು ಯಾರೂ ಕಲಿಸದೆ ಹೀಗೆ ಹೇಳಿದರೆ, ಅದೂ ತನ್ನಿಂದಾಗಲಿಲ್ಲ ಎಂಬ ಇನ್ನೊಂದು ಹೊರೆ ಮಗುವಿನ ಮೇಲೆ ಬೀಳುತ್ತದೆ. ಚೆಂಡನ್ನು ಎದೆಯಲ್ಲಿ ತಡೆದು ಕಾಲಿಗಿಳಿಸುವುದನ್ನು ಹೇಗೆ ನೂರಾರು ಬಾರಿ ಮಾಡಿಸಿ ಕಲಿಸುತ್ತೇವೆಯೋ, ಬಿಗಿದ ಸ್ನಾಯುವನ್ನು ಬಿಡುವುದನ್ನೂ ಹಾಗೆಯೇ ಕಲಿಸಬೇಕಾಗುತ್ತದೆ.

ಇದಕ್ಕೆ ಇರುವ ದಾರಿಗಳು ಹಲವು. ತರಬೇತುದಾರರಿಗೂ ಪೋಷಕರಿಗೂ ಎದುರಾಗುವ ಕಷ್ಟವೆಂದರೆ ಅವೆಲ್ಲವೂ ಒಂದೇ ಬಗೆಯ ಭರವಸೆ ಕೊಡುತ್ತವೆ. ವಾಸ್ತವದಲ್ಲಿ ಅವು ಬೇರೆಬೇರೆ ಹೊತ್ತಿಗೆ, ಬೇರೆಬೇರೆ ಮಕ್ಕಳಿಗೆ ಒದಗುವ ಸಾಧನಗಳು. ಯಾವುದು ಹೆಚ್ಚು ಪ್ರಸಿದ್ಧ ಎಂದು ನೋಡುವುದಕ್ಕಿಂತ, ಈ ಮಗುವಿನ ಒತ್ತಡ ಎಲ್ಲಿ ಕೂತಿದೆ ಮತ್ತು ದಿನದ ಯಾವ ಹೊತ್ತಿನಲ್ಲಿ ಕಾಡುತ್ತದೆ ಎಂಬುದನ್ನು ನೋಡಿ ಆರಿಸುವುದು ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಯ ಆತಂಕ, ಮನಸ್ಸಿನ ಆತಂಕ

ಕ್ರೀಡಾ ಮನಶ್ಶಾಸ್ತ್ರವು ಸ್ಪರ್ಧೆಯ ಆತಂಕವನ್ನು ಬಹುಕಾಲದಿಂದ ಎರಡಾಗಿ ನೋಡುತ್ತ ಬಂದಿದೆ. ಎದೆ ಬಡಿತ, ಬೆವರುವ ಅಂಗೈ, ತೊಳಸುವ ಹೊಟ್ಟೆ, ಬಿಗಿಯುವ ತೊಡೆ ಇವು ದೈಹಿಕ ಆತಂಕದ ಗುರುತುಗಳು. ‘ನಾನು ತಪ್ಪು ಮಾಡಿದರೆ?’, ‘ತಂಡದಿಂದ ತೆಗೆದುಬಿಟ್ಟರೆ?’ ಎಂಬ ಸುತ್ತುವ ಯೋಚನೆಗಳು ಮಾನಸಿಕ ಆತಂಕಕ್ಕೆ ಸೇರಿದವು. ರಿಚರ್ಡ್ ಡೇವಿಡ್‌ಸನ್ ಮತ್ತು ಗ್ಯಾರಿ ಶ್ವಾರ್ಟ್ಸ್ 1976ರಲ್ಲಿ ಮುಂದಿಟ್ಟ ಹೊಂದಾಣಿಕೆಯ ವಿಚಾರ ಇಂದಿಗೂ ಉಪಯುಕ್ತ. ಮೈಯಲ್ಲಿ ಕಾಣುವ ಆತಂಕಕ್ಕೆ ಮೈಯ ಮೂಲಕ ಮಾಡುವ ಅಭ್ಯಾಸವೂ, ಯೋಚನೆಯಲ್ಲಿರುವ ಆತಂಕಕ್ಕೆ ಗಮನವನ್ನು ಪಳಗಿಸುವ ಅಭ್ಯಾಸವೂ ಹೆಚ್ಚು ತಕ್ಕದ್ದು ಎಂಬುದು ಅದರ ತಿರುಳು. ಎರಡರ ನಡುವಿನ ಗೋಡೆ ಗಟ್ಟಿಯಾದದ್ದೇನಲ್ಲ. ಉಸಿರು ನಿಧಾನವಾದಾಗ ಯೋಚನೆಯೂ ನಿಧಾನವಾಗುವುದುಂಟು. ಆದರೂ ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಇದು ಒಳ್ಳೆಯ ಸೂಚನೆ.

ಮಕ್ಕಳಲ್ಲಿ ಇದನ್ನು ತಿಳಿಯಲು ಉದ್ದನೆಯ ಪ್ರಶ್ನಾವಳಿ ಬೇಕಿಲ್ಲ. ‘ನಿನಗೆ ಭಯವಾಗುತ್ತಿದೆಯಾ?’ ಎಂದು ಕೇಳಿದರೆ ಬಹುತೇಕ ಮಕ್ಕಳು ಇಲ್ಲವೆಂದು ತಲೆಯಾಡಿಸುತ್ತಾರೆ. ‘ಪಂದ್ಯಕ್ಕೆ ಮುಂಚೆ ನಿನ್ನ ಮೈಯಲ್ಲಿ ಎಲ್ಲಿ ಏನಾಗುತ್ತದೆ, ತೋರಿಸು’ ಎಂದರೆ ಕೈ ತಾನಾಗಿ ಹೊಟ್ಟೆಗೋ ಎದೆಗೋ ಹೋಗುತ್ತದೆ. ಕೈ ತಲೆಗೆ ಹೋದರೆ, ಅಥವಾ ಮಗು ಯಾವುದೋ ಹಿಂದಿನ ಪಂದ್ಯದ ಮಾತು ತೆಗೆದರೆ, ಒತ್ತಡ ಹೆಚ್ಚಾಗಿ ಯೋಚನೆಯಲ್ಲಿದೆ ಎಂದು ಊಹಿಸಬಹುದು.

ಇದನ್ನು ಆಟದ ಫಲಿತಾಂಶಕ್ಕಾಗಿ ಮಾತ್ರ ಗಮನಿಸಬೇಕೆಂದೇನಿಲ್ಲ. ಮಾರ್ಕ್ ಆಂಡರ್‌ಸನ್ ಮತ್ತು ಜೀನ್ ವಿಲಿಯಮ್ಸ್ 1988ರಲ್ಲಿ ರೂಪಿಸಿದ ಮಾದರಿಯ ಪ್ರಕಾರ, ಒತ್ತಡದಲ್ಲಿರುವ ಆಟಗಾರನ ಸ್ನಾಯುಗಳು ಬೇಡದ ಬಿಗಿತದಲ್ಲಿರುತ್ತವೆ, ನೋಟದ ಅಂಚು ಕಿರಿದಾಗುತ್ತದೆ, ಗಮನ ಚದುರುತ್ತದೆ, ಮತ್ತು ಇವು ಮೂರೂ ಸೇರಿ ಗಾಯದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಪಕ್ಕದಿಂದ ಬರುತ್ತಿರುವ ಎದುರಾಳಿಯನ್ನು ಕಾಣದ, ಕಂಡರೂ ಬಿಗಿದ ಕಾಲನ್ನು ಹೊತ್ತಿಗೆ ಸರಿಯಾಗಿ ಎಳೆದುಕೊಳ್ಳಲಾಗದ ಮಗುವನ್ನು ಕಲ್ಪಿಸಿಕೊಂಡರೆ ಈ ಮಾತು ಎಷ್ಟು ನೇರವಾದದ್ದೆಂದು ಅರ್ಥವಾಗುತ್ತದೆ. ಸಡಿಲಿಕೆಯ ತರಬೇತಿ ಮಗುವಿನ ಮಂಡಿಯನ್ನೂ ಕಾಯುವ ಕೆಲಸ.

ಸ್ಟ್ರೆಚಿಂಗ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಎಲ್ಲ ತಂಡಗಳಲ್ಲೂ ಈಗಾಗಲೇ ಇರುವುದು ಸ್ಟ್ರೆಚಿಂಗ್. ಆದ್ದರಿಂದ ಅದನ್ನೇ ಒತ್ತಡದ ಔಷಧವೆಂದು ಭಾವಿಸುವುದು ಸುಲಭ. ಇಲ್ಲಿ ಎರಡು ಬಗೆಗಳನ್ನು ಬೇರೆಬೇರೆಯಾಗಿ ನೋಡಬೇಕು.

ಒಂದೇ ಭಂಗಿಯಲ್ಲಿ ಸ್ನಾಯುವನ್ನು ಎಳೆದು ಹಿಡಿಯುವ ಸ್ಥಿರ ಸ್ಟ್ರೆಚಿಂಗ್‌ಗೆ ಪಂದ್ಯದ ಮುನ್ನ ಹೆಚ್ಚು ಸಮಯ ಕೊಡುವುದು ಸೂಕ್ತವಲ್ಲ. ಒಂದೊಂದು ಸ್ನಾಯುವನ್ನು ಒಟ್ಟು 60 ಸೆಕೆಂಡಿಗಿಂತ ಹೆಚ್ಚು ಕಾಲ ಎಳೆದು ಹಿಡಿದರೆ, ಅದಾದ ಸ್ವಲ್ಪ ಹೊತ್ತು ಅದರ ಬಲ ಮತ್ತು ಚಿಮ್ಮುವ ಶಕ್ತಿ ತುಸು ಇಳಿಯುತ್ತದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಅದಕ್ಕಿಂತ ಕಡಿಮೆ ಹೊತ್ತಾದರೆ ಪರಿಣಾಮ ನಗಣ್ಯ. ಆಟದ ಮರುದಿನದ ಮೈಕೈ ನೋವನ್ನು ಸ್ಟ್ರೆಚಿಂಗ್ ತಪ್ಪಿಸುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆಯಲ್ಲಿ ವ್ಯಾಯಾಮದ ನಂತರ ಮಾಡಿದ ಸ್ಟ್ರೆಚಿಂಗ್ ಮರುದಿನದ ನೋವನ್ನು ಇಳಿಸಿದ್ದು 100 ಅಂಕಗಳ ಮಾಪಕದಲ್ಲಿ ಸರಾಸರಿ ಒಂದು ಅಂಕದಷ್ಟು ಮಾತ್ರ.

ಚಲಿಸುತ್ತಲೇ ಕೀಲುಗಳನ್ನು ತೆರೆಯುವ ಚಲನಶೀಲ ಸ್ಟ್ರೆಚಿಂಗ್, ಅಂದರೆ ಕಾಲು ಬೀಸುವುದು, ಓಡುತ್ತ ಸೊಂಟದ ಕೀಲನ್ನು ಹೊರಕ್ಕೂ ಒಳಕ್ಕೂ ತಿರುಗಿಸುವುದು, ಹೆಜ್ಜೆ ಚಾಚಿ ಮಂಡಿ ಬಾಗಿಸುವುದು, ಇವು ಪಂದ್ಯದ ಮುನ್ನ ತಕ್ಕವು. ಫಿಫಾದ ವೈದ್ಯಕೀಯ ಸಂಶೋಧನಾ ಕೇಂದ್ರ 2006ರಲ್ಲಿ ರೂಪಿಸಿದ ‘11+’ ಎಂಬ ವಾರ್ಮ್‌ಅಪ್ ಕ್ರಮದಲ್ಲಿ 3 ಭಾಗಗಳಾಗಿ 15 ವ್ಯಾಯಾಮಗಳಿದ್ದು, ಸುಮಾರು 20 ನಿಮಿಷ ಹಿಡಿಯುತ್ತದೆ. ಅದರಲ್ಲಿ ಸ್ಥಿರ ಸ್ಟ್ರೆಚಿಂಗ್‌ಗೆ ಜಾಗವೇ ಇಲ್ಲ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕ್ರಮ ಅನುಸರಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಇಂಥ ನಿಶ್ಚಿತ ಕ್ರಮಕ್ಕೆ ಇನ್ನೊಂದು ಗುಣವೂ ಇದೆ. ಪ್ರತಿ ಬಾರಿಯೂ ಅದೇ ಅನುಕ್ರಮದಲ್ಲಿ ನಡೆಯುವುದರಿಂದ, ಅಪರಿಚಿತ ಮೈದಾನದಲ್ಲೂ ಮಗುವಿಗೆ ಪರಿಚಿತವಾದ ಇಪ್ಪತ್ತು ನಿಮಿಷಗಳು ಸಿಗುತ್ತವೆ. ಕಾಲು ಮರಗಟ್ಟುತ್ತದೆ ಎನ್ನುವ ಆ ಹುಡುಗಿಗೆ ಸುಮ್ಮನೆ ಕೂತು ಕಾಯುವುದಕ್ಕಿಂತ ಇದು ಎಷ್ಟೋ ಮೇಲು.

ಹಾಗಾದರೆ ಸ್ಥಿರ ಸ್ಟ್ರೆಚಿಂಗ್ ಯಾವಾಗ? ಅಭ್ಯಾಸ ಮುಗಿದ ಮೇಲೆ, ಅಥವಾ ಮಲಗುವ ಮುನ್ನ. ತೊಡೆಯ ಹಿಂಭಾಗ, ತೊಡೆಯ ಮುಂಭಾಗ, ಮೀನಖಂಡ, ತೊಡೆಸಂದು, ಸೊಂಟದ ಮುಂಭಾಗ, ಕೊನೆಗೆ ಕುತ್ತಿಗೆ ಮತ್ತು ಹೆಗಲು, ಈ ಪ್ರತಿಯೊಂದನ್ನೂ 15ರಿಂದ 30 ಸೆಕೆಂಡು ಎಳೆದು ಹಿಡಿದು, ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಹೋದರೆ ಹತ್ತು ನಿಮಿಷದಲ್ಲಿ ಮೈ ಆಟದ ಬಿರುಸಿನಿಂದ ಇಳಿಯುತ್ತದೆ. ಒತ್ತಡ ಇಳಿಸುವ ವಿಚಾರದಲ್ಲಿ ಇದರ ಪಾಲು ದೊಡ್ಡದಲ್ಲ ಎಂದು ಒಪ್ಪುತ್ತಲೇ, ನಾನು ಇದನ್ನು ಬಿಟ್ಟುಕೊಡಲಾರೆ. ‘ಕಣ್ಣು ಮುಚ್ಚಿ ಮನಸ್ಸನ್ನು ಶಾಂತಗೊಳಿಸಿ’ ಎಂದರೆ ಮುಜುಗರಪಟ್ಟು ಪಕ್ಕದವನನ್ನು ನೋಡಿ ಕಿಸಕ್ಕನೆ ನಗುವ ಹದಿಮೂರರ ಹುಡುಗರು, ಸ್ಟ್ರೆಚಿಂಗ್ ಎಂದರೆ ಅದು ಆಟದ ಭಾಗವೆಂದು ತಕರಾರಿಲ್ಲದೆ ಮಾಡುತ್ತಾರೆ. ಉಳಿದ ಅಭ್ಯಾಸಗಳನ್ನು ಒಳತರಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಎಚ್ಚರಿಕೆಯ ಮಾತೊಂದಿದೆ. ಹುಡುಗಿಯರಲ್ಲಿ ಸುಮಾರು 12, ಹುಡುಗರಲ್ಲಿ ಸುಮಾರು 14 ವರ್ಷದ ಹೊತ್ತಿಗೆ ಎತ್ತರ ಅತಿ ವೇಗವಾಗಿ ಬೆಳೆಯುತ್ತದೆ. ಮೂಳೆಯ ಬೆಳವಣಿಗೆಯ ಜೊತೆಗೆ ಸ್ನಾಯುಗಳು ಸಮನಾಗಿ ಹೊಂದಿಕೊಳ್ಳದ ಆ ಕಾಲದಲ್ಲಿ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲೋ ಹಿಮ್ಮಡಿಯಲ್ಲೋ ನೋವು ಕಾಣಿಸಿಕೊಳ್ಳುವುದು ಫುಟ್‌ಬಾಲ್ ಆಡುವ ಮಕ್ಕಳಲ್ಲಿ ಸಾಮಾನ್ಯ. ಅಲ್ಲಿ ನೋವಿರುವಾಗ ‘ಬಿಗಿ ಬಿಡಿಸುತ್ತೇನೆ’ ಎಂದು ಬಲವಂತವಾಗಿ ಎಳೆಯಬಾರದು, ವೈದ್ಯರಿಗೆ ತೋರಿಸಬೇಕು. ಯಾವ ವಯಸ್ಸಿನಲ್ಲೂ ಸ್ಟ್ರೆಚಿಂಗ್‌ನಲ್ಲಿ ಸೆಳೆತ ತಿಳಿಯಬೇಕೇ ಹೊರತು ನೋವು ತಿಳಿಯಬಾರದು.

ಬಿಗಿದು ಬಿಡುವ ಸಡಿಲಿಕೆ

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ವಿಧಾನ ಇದು. ಸ್ನಾಯುವನ್ನು ಬೇಕೆಂದೇ ಬಿಗಿದು, ಆ ಬಿಗಿತವನ್ನು ಗಮನಿಸಿ, ಒಮ್ಮೆಗೇ ಬಿಟ್ಟು, ಬಿಟ್ಟಾಗಿನ ಭಾರ ಮತ್ತು ಬೆಚ್ಚನೆಯ ಅನುಭವವನ್ನು ಗಮನಿಸುವುದು ಇದರ ಹುರುಳು. ಜೇಕಬ್‌ಸನ್ನನ ಮೂಲ ಕ್ರಮ ತಿಂಗಳುಗಟ್ಟಲೆ ಹಿಡಿಯುವಷ್ಟು ದೀರ್ಘವಾಗಿತ್ತು. ನಂತರದವರು ಅದನ್ನು ಮೊಟಕುಗೊಳಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 16 ಸ್ನಾಯುಗುಂಪುಗಳಿಂದ ಆರಂಭಿಸಿ, ಅಭ್ಯಾಸವಾದಂತೆ 7ಕ್ಕೆ, ಕೊನೆಗೆ 4ಕ್ಕೆ ಇಳಿಸುವ ಕ್ರಮ. ಪ್ರತಿ ಗುಂಪನ್ನು 5ರಿಂದ 7 ಸೆಕೆಂಡು ಬಿಗಿದು, 30ರಿಂದ 40 ಸೆಕೆಂಡು ಸಡಿಲವಾಗಿ ಬಿಡಬೇಕು. ಮುಷ್ಟಿಯಿಂದ ಆರಂಭಿಸಿ ಮುಂಗೈ, ತೋಳು, ಹಣೆ, ದವಡೆ, ಕುತ್ತಿಗೆ, ಹೆಗಲು, ಹೊಟ್ಟೆ, ತೊಡೆ, ಮೀನಖಂಡ, ಪಾದ ಎಂದು ಇಳಿಯುತ್ತ ಹೋಗುವುದು ರೂಢಿ.

ನನ್ನನ್ನು ಒಂದೇ ವಿಧಾನ ಆರಿಸಲು ಹೇಳಿದರೆ, ಹನ್ನೆರಡು ದಾಟಿದ ಫುಟ್‌ಬಾಲ್ ಆಟಗಾರರಿಗೆ ಇದನ್ನೇ ಆರಿಸುತ್ತೇನೆ. ಕಾರಣಗಳು ಆಟದಲ್ಲೇ ಇವೆ. ಆಟಗಾರನಿಗೆ ತನ್ನ ಸ್ನಾಯುಗಳ ಭಾಷೆ ಮೊದಲೇ ಗೊತ್ತಿರುತ್ತದೆ. ಅವನಿಗೆ ಮಾಡಲು ಏನಾದರೂ ಕೆಲಸ ಬೇಕು, ಇಲ್ಲಿ ಕೆಲಸವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಗಲು ಬಿಗಿದದ್ದನ್ನು ತಾನೇ ಗುರುತಿಸಲು ಕಲಿತ ಮಗು, ಬಿಗಿತ ಆರಂಭವಾಗುವಾಗಲೇ ಅದನ್ನು ಬಿಡಬಲ್ಲದು. ತಪ್ಪು ಪಾಸ್ ಕೊಟ್ಟು ಅಡಗುವ ನಮ್ಮ ಮಿಡ್‌ಫೀಲ್ಡರ್‌ಗೆ ಬೇಕಾದದ್ದು ಇದೇ ಅರಿವು. ಸಂಗಾತಿಯ ಕೈಗೆ ಎದುರಾಗಿ ಸ್ನಾಯುವನ್ನು ಬಿಗಿದು, ಬಿಟ್ಟು, ನಂತರ ಮತ್ತಷ್ಟು ಚಾಚುವ ಸ್ಟ್ರೆಚಿಂಗ್ ಅನೇಕ ತಂಡಗಳಲ್ಲಿ ರೂಢಿಯಲ್ಲಿದೆ. ಅದನ್ನು ಬಲ್ಲ ಮಕ್ಕಳಿಗೆ ಇದು ಹೊಸದೆನಿಸುವುದೇ ಇಲ್ಲ.

ಇದರ ದೌರ್ಬಲ್ಯ ಸಮಯ. ಪೂರ್ಣ ಸುತ್ತಿಗೆ 15ರಿಂದ 20 ನಿಮಿಷ ಬೇಕು, ಮಲಗಲು ಸದ್ದಿಲ್ಲದ ಜಾಗ ಬೇಕು, ಮೊದಲ ಒಂದೆರಡು ವಾರ ಏನೂ ಆಗುತ್ತಿಲ್ಲ ಎನಿಸುತ್ತದೆ. ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಪೂರ್ಣ ಸುತ್ತು ಮಾಡಿಸಿದರೆ ಮಕ್ಕಳು ತೂಕಡಿಸುತ್ತ ಮೈದಾನಕ್ಕಿಳಿಯುತ್ತಾರೆ. ಹೀಗಾಗಿ ಸ್ವೀಡನ್ನಿನ ಲಾರ್ಸ್ ಯೋರಾನ್ ಓಸ್ಟ್ 1987ರಲ್ಲಿ ವಿವರಿಸಿದ ‘ಅನ್ವಯಿಕ ಸಡಿಲಿಕೆ’ಯ ದಾರಿಯನ್ನು ಹಿಡಿಯುವುದು ಲೇಸು. ಮೊದಲು ಬಿಗಿದು ಬಿಡುವುದು, ಅದು ಕೈಗೂಡಿದ ಮೇಲೆ ಬಿಗಿಯದೆಯೇ ಬಿಡುವುದು, ಆಮೇಲೆ ಉಸಿರು ಹೊರಬಿಡುವಾಗ ‘ಸಡಿಲು’ ಎಂಬಂಥ ಒಂದು ಪದಕ್ಕೆ ಅದನ್ನು ಜೋಡಿಸುವುದು, ನಿಂತು ನಡೆಯುತ್ತಲೂ ಮಾಡುವುದು, ಕೊನೆಗೆ 20ರಿಂದ 30 ಸೆಕೆಂಡಿನಲ್ಲಿ ಮೈಯನ್ನು ಹಗುರಗೊಳಿಸುವುದು. ಅಷ್ಟು ಸೆಕೆಂಡು ಫುಟ್‌ಬಾಲ್‌ನಲ್ಲಿ ಸಿಗುತ್ತದೆ. ಚೆಂಡು ಗೆರೆ ದಾಟಿ ದೂರ ಹೋದಾಗ, ಗಾಯಗೊಂಡವರನ್ನು ನೋಡಿಕೊಳ್ಳುವಾಗ, ಬದಲಿ ಆಟಗಾರ ಇಳಿಯುವಾಗ. ಆದರೆ ಈ ಹಂತ ತಲುಪಲು ಆರೆಂಟು ವಾರಗಳ ನಿತ್ಯದ ಅಭ್ಯಾಸ ಬೇಕು. ಪಂದ್ಯಾವಳಿ ಮುಂದಿನ ಶನಿವಾರವಿದ್ದರೆ ಇದನ್ನು ಈಗ ಆರಂಭಿಸಿ ಫಲ ನಿರೀಕ್ಷಿಸುವುದು ಮಗುವಿಗೆ ಮಾಡುವ ಅನ್ಯಾಯ.

ಸ್ನಾಯುಸೆಳೆತ ಬರುವಷ್ಟು ಗಟ್ಟಿಯಾಗಿ ಮೀನಖಂಡವನ್ನೂ ಪಾದವನ್ನೂ ಬಿಗಿಯಬಾರದು. ಪೂರ್ಣ ಬಲದ ಅರ್ಧ ಸಾಕು. ಗಾಯವಾದ ಸ್ನಾಯುವನ್ನು ಬಿಟ್ಟುಬಿಡಬೇಕು.

ನಿಧಾನ ಉಸಿರಾಟ

ಮುಂದಿನ ಶನಿವಾರದ ಪಂದ್ಯಕ್ಕೆ ಒದಗುವುದು ಉಸಿರು. ಉಸಿರು ಒಳತೆಗೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಹೊರಬಿಡುವಾಗ ತುಸು ಇಳಿಯುತ್ತದೆ. ಹೃದಯದ ವೇಗವನ್ನು ಹಿಡಿದಿಡುವ ವೇಗಸ್ ನರದ ಪ್ರಭಾವ ಹೊರ ಉಸಿರಿನಲ್ಲಿ ಹೆಚ್ಚುವುದೇ ಇದಕ್ಕೆ ಕಾರಣ. ಹೊರ ಉಸಿರನ್ನು ಉದ್ದ ಮಾಡಿದರೆ, ತನ್ನ ಇಚ್ಛೆಗೆ ಸಿಗದ ಹೃದಯಕ್ಕೆ ಇಚ್ಛೆಗೆ ಸಿಗುವ ಉಸಿರಿನ ಮೂಲಕ ಮಾತು ಮುಟ್ಟಿಸಿದಂತೆ. ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 6 ಉಸಿರಿನ ವೇಗ ಹೆಚ್ಚು ಪರಿಣಾಮಕಾರಿ. 15 ದಾಟಿದವರು 4 ಸೆಕೆಂಡು ಒಳಕ್ಕೆ, 6 ಸೆಕೆಂಡು ಹೊರಕ್ಕೆ ಎಂದು ಅದನ್ನೇ ಪಾಲಿಸಬಹುದು. ಚಿಕ್ಕ ಮಕ್ಕಳಿಗೆ ಅಷ್ಟು ನಿಧಾನ ಉಸಿರುಗಟ್ಟಿಸುತ್ತದೆ. ಅವರಿಗೆ 3 ಸೆಕೆಂಡು ಒಳಕ್ಕೆ, 4 ಸೆಕೆಂಡು ಹೊರಕ್ಕೆ ಸಾಕು. ಕೈಯನ್ನು ಹೊಟ್ಟೆಯ ಮೇಲಿಟ್ಟು, ಅದು ಏರಿಳಿಯುವುದನ್ನು ನೋಡಲು ಹೇಳಿದರೆ ಎಂಟು ವರ್ಷದ ಮಗುವೂ ಹತ್ತು ನಿಮಿಷದಲ್ಲಿ ಕಲಿಯುತ್ತದೆ.

‘ಜೋರಾಗಿ ಉಸಿರು ಎಳೆ’ ಎಂದು ಹೇಳುವುದು ಮೈದಾನದಲ್ಲಿ ನಡೆಯುವ ಸಾಮಾನ್ಯ ತಪ್ಪು. ಆತಂಕದಲ್ಲಿರುವ ಮಗು ಮೊದಲೇ ಹೆಚ್ಚು ಉಸಿರು ಎಳೆಯುತ್ತಿರುತ್ತದೆ. ಇನ್ನಷ್ಟು ಎಳೆದರೆ ತಲೆ ತಿರುಗಿ, ಬೆರಳು ಜುಮ್ಮೆನ್ನುತ್ತದೆ. ‘ನಿಧಾನವಾಗಿ ಹೊರಗೆ ಬಿಡು’ ಎಂಬುದು ಸರಿಯಾದ ಸೂಚನೆ. ಆಸ್ತಮಾ ಇರುವ ಮಗುವಿನ ಎದೆ ಬಿಗಿತವನ್ನು ಆತಂಕವೆಂದು ಭ್ರಮಿಸಿ ಉಸಿರಾಟದ ಅಭ್ಯಾಸ ಮಾಡಿಸುತ್ತ ಕೂರುವುದು ಅಪಾಯಕಾರಿ. ಓಟದ ನಂತರ ಸುಯ್ಯೆನ್ನುವ ಸದ್ದು, ಕೆಮ್ಮು ಇದ್ದರೆ ಮೊದಲು ವೈದ್ಯರು ಹೇಳಿದ ಇನ್‌ಹೇಲರ್.

ಉಸಿರಾಟದ ಮಿತಿಯೂ ಸ್ಪಷ್ಟವಾಗಿದೆ. ವೇಗದ ಓಟ ಮುಗಿಸಿ ಏದುಸಿರು ಬಿಡುತ್ತಿರುವವರಿಗೆ ನಿಧಾನ ಉಸಿರಾಟ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅದರ ಜಾಗ ಆಟ ನಿಂತ ಕ್ಷಣಗಳಲ್ಲಿದೆ. 11 ಮೀಟರ್ ದೂರದ ಪೆನಾಲ್ಟಿ ಗುರುತಿನ ಮುಂದೆ ನಿಂತಾಗಿನ ಒಂದು ಹೊರ ಉಸಿರಿಗೆ ಇರುವ ಬೆಲೆ ಮತ್ತಾವುದಕ್ಕೂ ಇಲ್ಲ. ನಾರ್ವೆಯ ಕ್ರೀಡಾ ಮನಶ್ಶಾಸ್ತ್ರಜ್ಞ ಗೈರ್ ಯೋರ್ದೆ ದೊಡ್ಡ ಪಂದ್ಯಾವಳಿಗಳ ಪೆನಾಲ್ಟಿಗಳನ್ನು ಪರಿಶೀಲಿಸಿ, ರೆಫರಿಯ ಸೀಟಿ ಕೇಳಿದ ತಕ್ಷಣ ಆತುರದಿಂದ ಒದೆಯುವುದು ಒತ್ತಡದಿಂದ ತಪ್ಪಿಸಿಕೊಳ್ಳುವ ನಡೆ ಎಂದೂ, ಹಾಗೆ ಮಾಡಿದವರು ಹೆಚ್ಚು ಬಾರಿ ಗೋಲು ತಪ್ಪಿಸಿದರೆಂದೂ ತೋರಿಸಿದ್ದಾರೆ. ಸೀಟಿಯ ನಂತರ ಒಂದು ಉಸಿರು ಪೂರ್ತಿ ಹೊರಬಿಟ್ಟು, ಆಮೇಲೆ ಓಟ ಆರಂಭಿಸು ಎಂಬುದು ಹದಿಹರೆಯದವರಿಗೆ ಕಲಿಸಬಹುದಾದ ಸರಳ ನಿಯಮ.

ಉಳಿದ ದಾರಿಗಳು

ಜರ್ಮನಿಯ ಮನೋವೈದ್ಯ ಯೋಹಾನೆಸ್ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ಆಟೋಜೆನಿಕ್ ತರಬೇತಿಯಲ್ಲಿ ‘ನನ್ನ ಬಲಗೈ ಭಾರವಾಗಿದೆ’, ‘ನನ್ನ ಬಲಗೈ ಬೆಚ್ಚಗಿದೆ’ ಎಂಬಂಥ ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಆರು ಹಂತಗಳನ್ನು ದಾಟಲಾಗುತ್ತದೆ. ಸ್ನಾಯು ಬಿಗಿಯುವ ಅಗತ್ಯವಿಲ್ಲದ್ದರಿಂದ ಗಾಯಗೊಂಡು ವಿಶ್ರಾಂತಿಯಲ್ಲಿರುವ ಆಟಗಾರರಿಗೆ ಹೊಂದುತ್ತದೆ. ತಾಳ್ಮೆ ಬೇಡುವುದರಿಂದ ಚಿಕ್ಕವರಿಗೆ ಹೊಂದುವುದಿಲ್ಲ.

ಜಾನ್ ಕಬಾಟ್ ಜಿನ್ 1979ರಲ್ಲಿ ಆರಂಭಿಸಿದ 8 ವಾರಗಳ ಕ್ರಮದಿಂದ ಹರಡಿದ ಮೈಂಡ್‌ಫುಲ್‌ನೆಸ್‌ನ ಗುರಿ ಬೇರೆ. ಯೋಚನೆಯನ್ನು ಓಡಿಸದೆ, ಅದು ಬಂದದ್ದನ್ನು ಗಮನಿಸಿ ಮತ್ತೆ ಈ ಕ್ಷಣಕ್ಕೆ ಮರಳುವುದನ್ನು ಅದು ಕಲಿಸುತ್ತದೆ. ಯೋಚನೆಯಲ್ಲೇ ಸುತ್ತುವ ಮಗುವಿಗೆ ಇದು ತಕ್ಕದ್ದು, ಆದರೆ ಕಲಿಸುವವರು ಸ್ವತಃ ಅಭ್ಯಾಸ ಮಾಡಿದವರಾಗಿರಬೇಕು. ಕಣ್ಣು ಮುಚ್ಚಿ ಪಾಸ್, ಓಟ, ಗೋಲನ್ನು ಮನಸ್ಸಿನಲ್ಲಿ ಕಾಣುವ ಕಲ್ಪನಾಭ್ಯಾಸ ಮಕ್ಕಳಿಗೆ ಇಷ್ಟವಾಗುತ್ತದೆ. ತಪ್ಪುಗಳನ್ನೇ ಮತ್ತೆ ಮತ್ತೆ ಕಾಣುವ ಮಗುವಿಗೆ ಮಾತ್ರ ಅದನ್ನು ಒಂಟಿಯಾಗಿ ಮಾಡಲು ಬಿಡಬಾರದು. ತಪ್ಪಿದ ಪಾಸ್‌ನ ನಂತರ ತಾನು ತಿರುಗಿ ಓಡಿ ಜಾಗ ಹಿಡಿಯುವುದನ್ನು ಕಾಣುವಂತೆ ಹೇಳಿಕೊಡಬೇಕು.

ಹೊತ್ತಿಗೆ ತಕ್ಕ ಆಯ್ಕೆ

ನಿದ್ದೆ ಬಾರದ ಹದಿಮೂರರ ಹುಡುಗನಿಗೆ ರಾತ್ರಿ ಹತ್ತು ನಿಮಿಷದ ಸ್ಥಿರ ಸ್ಟ್ರೆಚಿಂಗ್, ಅದರ ಬೆನ್ನಿಗೇ ಹಾಸಿಗೆಯಲ್ಲಿ ಬಿಗಿದು ಬಿಡುವ ಸಡಿಲಿಕೆ. ನಡುವೆ ನಿದ್ದೆ ಹತ್ತಿದರೆ ಅದೇ ಗೆಲುವು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಮತ್ತು ಆ ಗಂಟೆಗಳನ್ನು ಕಸಿಯುವ ಬೆಳಗಿನ ಜಾವದ ಅಭ್ಯಾಸವನ್ನು ಯಾವ ಸಡಿಲಿಕೆಯೂ ಸರಿದೂಗಿಸಲಾರದು. ಆ ಹುಡುಗಿಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೂರು ನಿಮಿಷದ ಉಸಿರಾಟ, ನಂತರ ಚಲನಶೀಲ ವಾರ್ಮ್‌ಅಪ್. ಈ ಅನುಕ್ರಮ ತಿರುವುಮುರುವಾಗಬಾರದು, ಏಕೆಂದರೆ ಆಟಕ್ಕೆ ಒಂದಿಷ್ಟು ಬಿರುಸು ಬೇಕೇ ಬೇಕು. ಯಾರಿಗೆ ಎಷ್ಟು ಬಿರುಸಿನಲ್ಲಿ ಆಟ ಕುದುರುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ ಎಂಬುದನ್ನು ಕ್ರೀಡಾ ಮನಶ್ಶಾಸ್ತ್ರಜ್ಞ ಯೂರಿ ಹಾನಿನ್ ಅವರ ಸಂಶೋಧನೆ ಎತ್ತಿ ತೋರಿಸಿದೆ. ಇಡೀ ತಂಡವನ್ನು ಒಂದೇ ಮಟ್ಟಕ್ಕೆ ಶಾಂತಗೊಳಿಸಿದರೆ ಕೆಲವರ ಆಟ ಸಪ್ಪೆಯಾಗುತ್ತದೆ. 15 ನಿಮಿಷ ಮೀರದ ಮಧ್ಯಂತರದಲ್ಲಿ ಮೊದಲ ಎರಡು ನಿಮಿಷ ಯಾರೂ ಮಾತಾಡದೆ ನೀರು ಕುಡಿದು ಉಸಿರು ಇಳಿಯಲು ಬಿಟ್ಟು, ಆಮೇಲೆ ಸೂಚನೆ ಕೊಟ್ಟರೆ ಮಕ್ಕಳ ಕಿವಿಗೆ ಅದು ಬೀಳುತ್ತದೆ.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ಮಗುವೇ ನಾಲ್ಕು ವಾರ ಒಂದು ಪುಟ್ಟ ಪುಸ್ತಕದಲ್ಲಿ ಅಭ್ಯಾಸದ ಮುನ್ನ ಮತ್ತು ನಂತರದ ಬಿಗಿತಕ್ಕೆ 10ರಲ್ಲಿ ಅಂಕ ಬರೆಯಲಿ. ಆ ಅಂಕಗಳನ್ನು ತಂಡದ ಆಯ್ಕೆಗೆ ಬಳಸಬಾರದು. ಬಳಸಿದ ದಿನದಿಂದ ಮಕ್ಕಳು ನಿಜ ಬರೆಯುವುದನ್ನು ನಿಲ್ಲಿಸುತ್ತಾರೆ. ಕೆಲವರಿಗೆ ಸಡಿಲವಾಗುವುದೇ ಆತಂಕ ತರುವುದುಂಟು. ಅಂಥವರಿಗೆ ಕಣ್ಣು ತೆರೆದೇ, ನಡೆಯುತ್ತ, ಕಡಿಮೆ ಹೊತ್ತು ಮಾಡಿಸಬೇಕು.

ಅಂಕ ಇಳಿಯದಿದ್ದರೆ ವಿಧಾನ ಬದಲಿಸುವ ಮೊದಲು ಒತ್ತಡದ ಮೂಲವನ್ನು ನೋಡಬೇಕು. ಗೆರೆಯಾಚೆಯಿಂದ ಕೂಗುವ ತಂದೆ, ತಪ್ಪಿಗೆ ಎಲ್ಲರೆದುರು ಅವಮಾನಿಸುವ ತರಬೇತುದಾರ, ಪರೀಕ್ಷೆ ಮತ್ತು ಪಂದ್ಯಾವಳಿ ಒಂದೇ ವಾರದಲ್ಲಿ ಬಿದ್ದಿರುವ ವೇಳಾಪಟ್ಟಿ, ಇವುಗಳ ನಡುವೆ ನಿಂತ ಮಗುವಿಗೆ ಉಸಿರಾಟ ಕಲಿಸಿ ಹೊಣೆ ಮುಗಿಸುವುದು ತರವಲ್ಲ. ಹೊಟ್ಟೆನೋವು, ನಿದ್ರಾಹೀನತೆ, ಸಿಡುಕು, ಊಟ ಬಿಡುವುದು, ಇಷ್ಟದ ಆಟದಿಂದಲೇ ದೂರ ಸರಿಯುವುದು ಎರಡು ವಾರಕ್ಕೂ ಮಿಕ್ಕಿ ಮುಂದುವರಿದರೆ ವೈದ್ಯರನ್ನೋ ಮಕ್ಕಳ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ತನ್ನನ್ನು ತಾನು ನೋಯಿಸಿಕೊಳ್ಳುವ ಮಾತು ಮಗುವಿನ ಬಾಯಿಂದ ಬಂದರೆ ಎರಡು ವಾರವಿರಲಿ, ಒಂದು ದಿನವೂ ಕಾಯಬಾರದು.